ಎಲ್ಲರಿಗಿಂತ ಹಿಂದೆ

ಹಳದಿ ಅಂಗಿ ತೊಟ್ಟವನ ಹಿಂದೆ ಯಾರೂ ಇರಕೂಡದು. ಬುಧವಾರದ ನಡಿಗೆಯ ಗುಂಪಿಗೆ ನಿಯಮ ಅಂತ ಇದ್ದದ್ದು ಇದೊಂದೇ. ಮುಂದೆ ಗುಂಪಿನ ಮುಂದಾಳು ವಾರಿ ಕೊರಳಿಗೆ ಸೀಟಿ ಹಾಕಿಕೊಂಡು ದಾರಿ ಹಿಡಿಯುತ್ತಾಳೆ, ಕವಲು ಬಂದಲ್ಲೆಲ್ಲ ನಿಂತು ತಿರುಗಿ ನೋಡುತ್ತಾಳೆ, ಮರಗಳ ನಡುವೆ ಹಳದಿ ಕಂಡಿತೋ, ಎಲ್ಲರೂ ಬಂದರು ಎಂದು ಲೆಕ್ಕ. ಆ ಹಳದಿ ಅಂಗಿಯ ಜಿಪ್ಪು ಇವತ್ತು ಮುರ್ಡೋನ ಕೈಗೆ ಸಿಕ್ಕುತ್ತಲೇ ಇರಲಿಲ್ಲ. ಆರ್ಡನ್ ಲೋಖ್ ಎಂಬ ಸರೋವರದ ದಂಡೆಯಲ್ಲಿ ಕಾರು ನಿಲ್ಲಿಸುವ ಜಾಗ, ಅಕ್ಟೋಬರಿನ ಬೆಳಿಗ್ಗೆ, ನೀರಿನ ಮೇಲೆ ಇನ್ನೂ ಕರಗದ ಮಂಜು. ಹತ್ತಿರದಲ್ಲೇ, ಕಾರಿನ ಬಾಗಿಲು ತೆರೆದು ಕಾಲು ಹೊರಗಿಟ್ಟುಕೊಂಡು ಅವನ ಹೆಂಡತಿ ಇಷ್ಬೆಲ್ ಬೂಟಿನ ಲಾಡಿ ಕಟ್ಟಿಕೊಳ್ಳುತ್ತಿದ್ದಳು. ವಸಂತದಲ್ಲಿ ಸೊಂಟದ ಕೀಲು ಬದಲಿಸಿಕೊಂಡವಳು, ಬಗ್ಗುವಾಗ ಎಡಗಾಲನ್ನು ಒಂಚೂರು ಓರೆಯಾಗಿ ಚಾಚುತ್ತಾಳೆ. ಹೋಗಿ ಮಂಡಿಯೂರಿ ತಾನೇ ಲಾಡಿ ಕಟ್ಟಿಬಿಡಲೇ ಎಂದು ಮುರ್ಡೋನ ಕೈ ತುರಿಸಿತು. ಹೋಗಲು ಧೈರ್ಯವಾಗಲಿಲ್ಲ. ಜಿಪ್ಪನ್ನೇ ಎಳೆಯುತ್ತ ನಿಂತ.

"ಏನಪ್ಪಾ ಯಜಮಾನ, ಅಂಗಿ ಚಿಕ್ಕದಾಯ್ತೋ ಹೊಟ್ಟೆ ದೊಡ್ಡದಾಯ್ತೋ?" ಎಂದು ಡೂಗಿ ಕೂಗಿದ. ಡೂಗಿ ಊರಿನ ಹಳೆಯ ಮಾಂಸದಂಗಡಿಯವನು, ಅಂಗಡಿ ಮಗಳಿಗೆ ಬಿಟ್ಟುಕೊಟ್ಟ ಮೇಲೆ ಬಾಯಿಗೆ ಬಿಡುವು ಕೊಡದವನು. "ಇವತ್ತು ನಿನ್ನ ಹೆಂಡ್ತಿ ಬಂದವ್ಳೆ ಅಂತ ಹೊಟ್ಟೆ ಒಳಗೆ ಎಳ್ಕೊಂಡಿದೀಯೇನೋ, ಉಸಿರು ಬಿಡು, ಇಲ್ಲಾಂದ್ರೆ ನಿನ್ನನ್ನೇ ಹೊತ್ಕೊಂಡು ಬರ್ಬೇಕಾಗುತ್ತೆ." ಎಲ್ಲರೂ ನಕ್ಕರು, ಇಷ್ಬೆಲ್ ಕೂಡ. ಅವಳು ನಕ್ಕಿದ್ದು ಮುರ್ಡೋನಿಗೆ ಒಂದು ಕಡೆ ಹಿತವಾಯಿತು, ಇನ್ನೊಂದು ಕಡೆ ಚುಚ್ಚಿತು. ಡೂಗಿಯ ಜೊತೆ ನಡೆಯಬಲ್ಲಳು ಇವಳು. ವಾರಿಯ ಜೊತೆ, ಕಿವಿ ಕೇಳಿಸದ ನೆಟ್ಟಾ ಅಜ್ಜಿಯ ಜೊತೆ, ದಾರಿಹೋಕರ ನಾಯಿಯ ಜೊತೆ ಬೇಕಾದರೂ. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಅವನು ಕ್ಯಾರೆಟ್ ಹೆರೆಯುತ್ತಿದ್ದಾಗ, ಪಕ್ಕದ ಕೋಣೆಯಲ್ಲಿ ಅವಳು ಮಗಳು ಕರ್ಸ್ಟಿಯ ಜೊತೆ ಫೋನಿನಲ್ಲಿ ಆಡಿದ್ದು ಅವನ ಕಿವಿಗೆ ಬಿದ್ದಿತ್ತು. "ಯಾರ ಜೊತೆ ಬೇಕಾದ್ರೂ ನಡೀತೀನಿ ಕಣೇ, ನಿಮ್ಮಪ್ಪನ ಜೊತೆ ಮಾತ್ರ ನನ್ನ ಕೈಲಾಗಲ್ಲ." ಆಮೇಲೆ ಕರ್ಸ್ಟಿ ಏನೋ ಹೇಳಿರಬೇಕು, ಇವಳು ಸಣ್ಣಗೆ ನಕ್ಕು, "ಇಲ್ಲ, ಅವರಿಗೆ ಹೇಳೋಕಾಗುತ್ತಾ, ಪಾಪ," ಎಂದಿದ್ದಳು. ಆ 'ಪಾಪ' ಅವನನ್ನು ಮೂರು ದಿನದಿಂದ ಕೊರೆಯುತ್ತಿತ್ತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮಗಳ ಹತ್ತಿರ ತನ್ನ ಬಗ್ಗೆ ಪಾಪ ಎನ್ನುತ್ತಾಳೆ ಎಂದರೆ, ಇಬ್ಬರೂ ಸೇರಿ ಇದನ್ನು ಎಷ್ಟು ಸಲ ಮಾತಾಡಿಕೊಂಡಿದ್ದಾರೋ. ಕ್ಯಾರೆಟ್ ಹೆರೆದು ಹೆರೆದು ಕಡ್ಡಿಯಷ್ಟಾಗಿತ್ತು ಅವತ್ತು.

ದಾರಿ ಮೊದಲು ಮರ ಸಾಗಿಸುವ ಅಗಲವಾದ ಹಾದಿ, ಮಟ್ಟಸ. ಲಾರ್ಚ್ ಮರಗಳು ಹಳದಿಗೆ ತಿರುಗಿ ಎಲೆಯ ಸೂಜಿಗಳನ್ನು ಉದುರಿಸುತ್ತಿದ್ದವು, ಎಲ್ಲರ ಟೋಪಿಯ ಮೇಲೂ ಒಂದಷ್ಟು. ವಾರಿ ಹೊರಡುವ ಮುಂಚೆ ಇಷ್ಬೆಲ್‌ಗೆ, "ನೀವು ಮಧ್ಯದಲ್ಲಿರಿ, ನಿಮ್ಮ ಹಿಂದೆ ಮುಂದೆ ಜನ ಇರ್ತಾರೆ, ಚಿಂತೆ ಬೇಡ," ಎಂದಿದ್ದಳು. ಇಷ್ಬೆಲ್ ಹೂಂ ಎಂದಿದ್ದಳು. ಆದರೆ ಮಧ್ಯದಲ್ಲಿರುವುದು ಅವಳ ಜಾಯಮಾನಕ್ಕೆ ಒಗ್ಗಿದ್ದಲ್ಲ. ಜರಿಗಿಡ ಒಣಗಿ ಕೆಂಪಾಗಿದ್ದರೆ ನಿಂತು ನೋಡಬೇಕು, ಎಲ್ಲೋ ಗುಡ್ಡದ ಮೇಲೆ ಗಂಡು ಜಿಂಕೆ ಗರ್ಜಿಸಿದರೆ ಊರುಗೋಲು ಊರಿ ಬಾಯಿ ತೆರೆದು ಕೇಳಬೇಕು. ನೋಡನೋಡುತ್ತಿದ್ದಂತೆ ಡೂಗಿ ಅವಳನ್ನು ದಾಟಿದ, ನೆಟ್ಟಾ ಅಜ್ಜಿಯೂ ದಾಟಿದಳು, ಕೊನೆಗೆ ಉಳಿದದ್ದು ಅವಳು, ಅವಳ ಹಿಂದೆ ಹಳದಿ ಅಂಗಿ. ಮುರ್ಡೋ ನಡಿಗೆಯನ್ನು ಇನ್ನೂ ನಿಧಾನ ಮಾಡಿದ. ಇವತ್ತು ಅವಸರ ಮಾಡುವುದಿಲ್ಲ ಎಂದು ಮನೆ ಬಿಡುವಾಗಲೇ ಶಪಥ ಮಾಡಿದ್ದ. ಇವತ್ತೊಂದೇ ಅಲ್ಲ, ಇನ್ನು ಎಂದೂ ಮಾಡುವುದಿಲ್ಲ. ಅವಳ ಎಡಬೂಟಿನ ಹಿಮ್ಮಡಿಯ ಮೇಲೆ ಕಣ್ಣು ನೆಟ್ಟು, ಅದು ನೆಲ ಸೇರಿದ ಮೇಲೇ ತನ್ನ ಕಾಲು ಎತ್ತುತ್ತಿದ್ದ. ಇಷ್ಟು ನಿಧಾನ ನಡೆಯುವುದು ಎಂಥ ಕಷ್ಟದ ಕೆಲಸ! ಆದರೆ ಆ ಕಷ್ಟವೇ ಅವನಿಗೆ ಬೇಕಿತ್ತು.

ಯೌವನದಲ್ಲಿ ಅವನನ್ನು ಹಿಡಿಯುವವರು ಇರಲಿಲ್ಲ. ವಾರವಿಡೀ ಅಣೆಕಟ್ಟಿನ ಕಚೇರಿಯಲ್ಲಿ ಕೂತು ಶನಿವಾರ ಬಂದರೆ ಬೆಟ್ಟ. ಇಷ್ಬೆಲ್ ಜೊತೆಗೇ ಹೊರಡುತ್ತಿದ್ದಳು, ಕಾರಿನಿಂದ ಬೇಲಿಯವರೆಗೆ ಜೊತೆಗೇ ಇರುತ್ತಿದ್ದಳು, ಬೇಲಿ ದಾಟಿದ ಮೇಲೆ ಅವನ ಕಾಲು ತಾನಾಗಿಯೇ ಅವನನ್ನು ಎಳೆದುಕೊಂಡು ಹೋಗುತ್ತಿತ್ತು. ತುದಿಯಲ್ಲಿ ಕಲ್ಲುಗುಪ್ಪೆಯ ಮರೆಗೆ ಕೂತು, ಫ್ಲಾಸ್ಕಿನಿಂದ ಚಹಾ ಬಗ್ಗಿಸಿಕೊಂಡು, ಕೆಳಗೆ ಮೋಡ ಸರಿಯುವುದನ್ನು ನೋಡುತ್ತ, ಹೆಂಡತಿಗಾಗಿ ಕಾಯುತ್ತಿದ್ದೇನೆ ಎಂದು ಒಳಗೊಳಗೇ ದೊಡ್ಡವನಾಗುತ್ತಿದ್ದ. ಎಂಥ ಸಹನೆ ತನ್ನದು! ಅವಳು ಬರುತ್ತಿದ್ದಳು, ಮುಖ ಕೆಂಪು, ಕೂದಲು ಹಣೆಗೆ ಅಂಟಿ. "ಬಂದ್ಯಾ? ನಡಿ ಹಾಗಾದ್ರೆ," ಎಂದು ಚೀಲ ಹೆಗಲಿಗೇರಿಸಿ ಎದ್ದುಬಿಡುತ್ತಿದ್ದ. ಇಷ್ಟು ವರ್ಷ ಹಾಗೇ ಎದ್ದಿದ್ದ. ಅದರಲ್ಲಿ ಏನಾದರೂ ಇದೆ ಎಂದು ಹೊಳೆದದ್ದು ಈ ಆಗಸ್ಟಿನಲ್ಲಿ, ಇಷ್ಬೆಲ್ ಇನ್ನೂ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದಾಗ. ವಾರಿಗೆ ಕೊನೆಯಲ್ಲಿ ನಡೆಯುವವರೊಬ್ಬರು ಬೇಕಿತ್ತು, ಇವನಿಗೆ ಮನೆಯಿಂದ ಹೊರಗೆ ಒಂದು ಕೆಲಸ ಬೇಕಿತ್ತು. ಆ ದಿನ ನೆಟ್ಟಾ ಅಜ್ಜಿ ಏರು ಹತ್ತಿ ಬಂದಳು, ಅವಳ ಹಿಂದೆ ಇವನು. ಮೇಲೆ ಎಲ್ಲರೂ ಆರಾಮವಾಗಿ ಕೂತು ಬಿಸ್ಕತ್ತು ತಿನ್ನುತ್ತಿದ್ದವರು, ಅಜ್ಜಿಯ ಟೋಪಿ ಕಂಡದ್ದೇ ತಡ, "ಆಹ್, ಬಂದ್ರು ಬಂದ್ರು," ಎಂದು ದಡಬಡ ಎದ್ದು ಹಿಂಬದಿ ಕೊಡವಿಕೊಂಡರು. ನೆಟ್ಟಾ ಕೂರಲು ಆರಿಸಿಕೊಂಡಿದ್ದ ಕಲ್ಲನ್ನು ಒಮ್ಮೆ ನೋಡಿದಳು, ಆಮೇಲೆ ನಕ್ಕಳು, ಆಮೇಲೆ ಅವರ ಹಿಂದೆ ಹೊರಟಳು. ಆ ನಗು ಮುರ್ಡೋನಿಗೆ ಪರಿಚಯದ್ದು. ಎಷ್ಟೋ ಬೆಟ್ಟಗಳ ತುದಿಯಲ್ಲಿ ಅದನ್ನು ಕಂಡಿದ್ದ, ಸುಖದ ನಗು ಅಂದುಕೊಂಡಿದ್ದ. ಅವತ್ತು ಕಟ್ಟಿಕೊಂಡು ಹೋಗಿದ್ದ ರೊಟ್ಟಿ ಚೀಸನ್ನು ಬಿಚ್ಚದೆ ಹಾಗೇ ಮನೆಗೆ ತಂದ.

ಹೇಳಬೇಕಿತ್ತು. ಅಂದಿನಿಂದ ದಿನವೂ ಹೇಳಬೇಕು ಎಂದುಕೊಳ್ಳುತ್ತಿದ್ದ. ಆಲೂಗಡ್ಡೆ ಸುಲಿಯುವಾಗ, ಅವಳಿಗೆ ಬಿಸಿನೀರಿನ ಚೀಲ ತುಂಬಿಸುವಾಗ, ಮಾತು ನಾಲಿಗೆಯ ತುದಿಗೆ ಬಂದು ಅಲ್ಲೇ ಉಳಿಯುತ್ತಿತ್ತು. ಅವರ ಮನೆಯಲ್ಲಿ ತಪ್ಪಾಯಿತು ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯೇ ಇಲ್ಲ, ತಪ್ಪು ಮಾಡಿದವರು ಚಹಾ ಮಾಡಿ ತಂದಿಡುತ್ತಾರೆ. ಈ ಎರಡು ತಿಂಗಳಲ್ಲಿ ಅವನು ಮಾಡಿದ ಚಹಾಕ್ಕೆ ಲೆಕ್ಕವಿಲ್ಲ. "ಮತ್ತೆ ಚಹಾನಾ?" ಎಂದು ಅವಳು ಕೇಳುವ ಮಟ್ಟಕ್ಕೆ ಬಂದಿತ್ತು. ಅಷ್ಟರಲ್ಲಿ ಭಾನುವಾರದ ಆ ಮಾತು ಬಿತ್ತು. ಇನ್ನು ಹೇಳಿದರೂ ಏನು ಬಂತು, ಅವಳು ತೀರ್ಮಾನ ಮಾಡಿ ಆಗಿದೆ, ಉಳಿದ ಆಯುಷ್ಯದಲ್ಲಿ ತಾವಿಬ್ಬರೂ ಒಂದೇ ದಾರಿಯಲ್ಲಿ ಜೊತೆಯಾಗಿ ನಡೆಯುವುದಿಲ್ಲ, ಒಂದೇ ಮನೆಯಲ್ಲಿ ಬೇರೆ ಬೇರೆ ಹೊತ್ತಿಗೆ ಬೂಟು ಹಾಕಿಕೊಂಡು ಹೊರಡುತ್ತೇವೆ ಎಂದೆಲ್ಲ ಯೋಚಿಸುತ್ತ ನಡೆದ. ಬೆಟ್ಟಗಳು ಹೋದದ್ದಕ್ಕೆ ಅವನಿಗೆ ಅಳು ಬಂದಿರಲಿಲ್ಲ. ನಿನ್ನ ಮಂಡಿ ಸವೆದಿದೆ, ಬೆಟ್ಟ ಹತ್ತಿದ್ದು ಸಾಕು ಎಂದು ಡಾಕ್ಟರು ಹೇಳಿದ ದಿನ ಮನೆಗೆ ಬಂದು ಹುಲ್ಲು ಕತ್ತರಿಸಿದ್ದ, ಅಷ್ಟೇ. ಇದು ಹಾಗಲ್ಲ. ಇದು ಇಲ್ಲದೆ ತನಗೆ ಬದುಕು ರುಚಿಸುವುದಿಲ್ಲ.

ಅವಳು ನಿಂತಳು. ಅವನೂ ನಿಂತ. "ಏನಾಯ್ತು?"

"ಏನಿಲ್ಲ."

ಮತ್ತೆ ನಡೆದರು. ದಾರಿಗೆ ಅಡ್ಡಲಾಗಿ ಕಲ್ಲಿನ ಗೋಡೆ, ಗೋಡೆಯಲ್ಲಿ ಅರ್ಧಚಂದ್ರದ ಕಟ್ಟಿನೊಳಗೆ ತೂಗಾಡುವ ಗೇಟು, ಕುರಿ ದಾಟದಂತೆ ಮಾಡಿದ್ದು, ಒಬ್ಬೊಬ್ಬರೇ ನುಸುಳಬೇಕು. ಮೊದಲು ದಾಟಿದವರು ಗೇಟು ಹಿಡಿದು ನಿಂತು ಹಿಂದಿನವರಿಂದ ಮುತ್ತು ಕೇಳುವುದು ಈ ಸೀಮೆಯ ಹಳೆಯ ತಮಾಷೆ. ಡೂಗಿ ಅದಕ್ಕೆಂದೇ ಆಚೆ ಬದಿಗೆ ಕಾದಿದ್ದ. "ಸುಂಕ ತಗೊಳ್ದೆ ಗಂಡನ್ನ ಬಿಡ್ಬೇಡ ಇಷ್ಬೆಲ್, ಈ ವಯಸ್ಸಲ್ಲಿ ಸಿಕ್ಕಿದ್ದೇ ಲಾಭ!" ಇಷ್ಬೆಲ್ ಗೇಟು ಹಿಡಿದು ನಿಂತಳು. ಮುರ್ಡೋ ಒಳಗೆ ಹೆಜ್ಜೆಯಿಟ್ಟ. ಅವಳ ಮುಖ ತೀರ ಹತ್ತಿರ, ಮೂಗಿನ ತುದಿ ಚಳಿಗೆ ಕೆಂಪಾಗಿತ್ತು. ಕೊಡಬಹುದಿತ್ತು, ಸುಮ್ಮನೆ ಬಗ್ಗಿ ಕೊಟ್ಟುಬಿಡಬಹುದಿತ್ತು. ಬದಲಿಗೆ ಅವನ ಬಾಯಲ್ಲಿ ಬಂದದ್ದು, "ಕೆಳಗೆ ನೋಡ್ಕೋ, ಕಲ್ಲು ಜಾರುತ್ತೆ." ಅವಳು ಗೇಟು ಬಿಟ್ಟು ಮುಂದೆ ಹೋದಳು. ಡೂಗಿ, "ಥೂ, ಕಲ್ಲಿಗಿಂತ ಕಡೆ ಕಣಯ್ಯಾ ನೀನು," ಎಂದು ನಗುತ್ತ ಓಡಿದ. ಮುರ್ಡೋ ಗೇಟಿನ ಒಳಗೆ ಸಿಕ್ಕಿಕೊಂಡವನ ಹಾಗೆ ಒಂದು ಕ್ಷಣ ನಿಂತಿದ್ದ. ಗೇಟು ತಿರುಗಿ ಬಂದು ಅವನ ಮೊಣಕೈಗೆ ಬಡಿಯಿತು.

ಗೋಡೆಯ ಆಚೆ ಅಗಲದ ಹಾದಿ ಮುಗಿದು ಕಾಲುದಾರಿ ಶುರುವಾಗುತ್ತದೆ. ಬರ್ಚ್ ಮರಗಳ ನಡುವೆ ಸಣ್ಣ ಏರು, ಒಂದು ತೊರೆ, ತೊರೆಗೆ ಮರದ ಸೇತುವೆ, ಆಮೇಲೆ ತಿರುವು ತಿರುವಾಗಿ ಇಳಿದು ಮತ್ತೆ ಲೋಖ್‌ನ ನೀರು. ಮಕ್ಕಳೂ ನಡೆಯುವ ದಾರಿ. ಆದರೆ ಇವತ್ತು ಮುರ್ಡೋನ ಕಣ್ಣಿಗೆ ಎಲ್ಲ ಕಡೆ ಬೇರು, ಎಲ್ಲ ಬೇರಿನ ಮೇಲೂ ಪಾಚಿ. "ಎಡಕ್ಕೆ ಬೇರಿದೆ." "ಕಾಣುತ್ತೆ." "ಗೋಲನ್ನ ಮೊದ್ಲು ಊರು." "ಊರಿದೀನಿ." ಏರು ಮುಗಿದು ಸೇತುವೆಯ ಮೇಲೆ ಅವಳು ಮತ್ತೆ ನಿಂತಳು. ಅವಳ ಬೆನ್ನಿಗೆ ತನ್ನ ಎದೆ ತಗಲುವಷ್ಟು ಹತ್ತಿರ ಅವನು, ಎರಡೂ ಕೈ ಮುಂದೆ ಚಾಚಿ, ಬಿದ್ದರೆ ಹಿಡಿಯಲು ತಯಾರು. ಮುಂದಿನವರ ಮಾತು ಮರಗಳ ಆಚೆ ಸಣ್ಣಗಾಗಿತ್ತು. ಅವಳು ಎಷ್ಟು ಹೊತ್ತು ಬೇಕಾದರೂ ನಿಲ್ಲಲಿ. ಕೂರಲಿ. ಇಡೀ ದಿನ ಕೂತಿರಲಿ. ತಾನು ಎದ್ದೇಳುವುದಿಲ್ಲ ಎಂದು ಅವನು ಮನಸ್ಸಿನಲ್ಲೇ ಅವಳ ಬೆನ್ನಿಗೆ ಹೇಳಿಕೊಂಡ. "ಏನಾಯ್ತು? ನೋವಾ?"

ಇಷ್ಬೆಲ್ ಪೂರ್ತಿ ತಿರುಗಿದಳು. ಸೇತುವೆಯ ಕಟಕಟೆಗೆ ಒರಗಿ, ಊರುಗೋಲಿನಿಂದ ಹಲಗೆಯನ್ನು ಒಮ್ಮೆ ಕುಟ್ಟಿದಳು. "ಮುರ್ಡೋ, ನನ್ನ ಕತ್ತಿನ ಮೇಲೆ ಉಸಿರು ಬಿಡೋದನ್ನ ನಿಲ್ಲಿಸ್ತೀಯಾ?"

"ನಾನು... ಹಿಂದೆ ಇರ್ಬೇಕಲ್ಲ. ನಿಯಮ."

"ನಿಯಮ ಸುಡ್ತು! ಬೆಳಗಿಂದ ಒಂದು ಹಕ್ಕಿ ಸದ್ದು ಕೇಳಿಲ್ಲ ನಾನು, ನಿನ್ನ ಮೂಗಿನ ಸದ್ದೇ. ನಿಂತ್ರೆ ಏನಾಯ್ತು, ಕೂತ್ರೆ ಏನಾಯ್ತು. ಸೂಜಿ ಎಲೆ ಕಣ್ಣಿಗೆ ಬಿತ್ತು ಅಂತ ನಿಂತಿದ್ದು ಕಣೋ ಮಾರಾಯಾ!"

ಇದು ಬರುತ್ತದೆಂದು ಅವನಿಗೆ ಗೊತ್ತಿತ್ತು, ಹೀಗೆ ಬರುತ್ತದೆಂದು ಗೊತ್ತಿರಲಿಲ್ಲ. ಅವನ ಕೈ ಇನ್ನೂ ಮುಂದೆ ಚಾಚಿಕೊಂಡೇ ಇತ್ತು, ಅದನ್ನು ಎಲ್ಲಿಡಬೇಕೆಂದು ತೋಚದೆ ಕಟಕಟೆಯ ಮೇಲಿಟ್ಟ. ತೊರೆಯ ನೀರು ಕಂದು ಬಣ್ಣಕ್ಕೆ ಕಲ್ಲುಗಳ ಮೇಲೆ ಓಡುತ್ತಿತ್ತು. ಅದನ್ನೇ ನೋಡುತ್ತ, ತೀರ ಸಣ್ಣ ದನಿಯಲ್ಲಿ ಹೇಳಿದ. "ನೀನು ಕರ್ಸ್ಟಿಗೆ ಹೇಳಿದ್ದು ಕೇಳಿಸ್ಕೊಂಡೆ. ನನ್ನ ಜೊತೆ ನಡೆಯೋಕಾಗಲ್ಲ ಅಂದಿದ್ದು."



"ಯಾಕೆ ಅಂತ ಗೊತ್ತು ನಂಗೆ," ಎಂದ. ಒಮ್ಮೆ ಶುರುವಾದ ಮೇಲೆ ನಿಲ್ಲಲಿಲ್ಲ. "ಬೆಟ್ಟದ ಮೇಲೆ ನೀನು ಬರ್ತಿದ್ದ ಹಾಗೇ ನಾನು ಎದ್ದುಬಿಡ್ತಿದ್ದೆ. ಒಂದು ದಿನಾನೂ ನಿನ್ನ ಕೂರೋಕೆ ಬಿಡ್ಲಿಲ್ಲ. ನಾನು ಸುಧಾರಿಸ್ಕೊಂಡು, ನಿಂಗೆ ಮಾತ್ರ... ನಂಗೆ ಗೊತ್ತೇ ಆಗ್ಲಿಲ್ಲ ಇಷ್ಬೆಲ್. ಆಗಸ್ಟಲ್ಲಿ ನೆಟ್ಟಾಗೆ ಹಾಗಾದಾಗ ಗೊತ್ತಾಯ್ತು."

ಇಷ್ಬೆಲ್ ಅವನನ್ನೇ ನೋಡಿದಳು. ಅವಳ ಬಾಯಿಯ ಮೂಲೆ ಅದುರಿತು. ಅಳುತ್ತಾಳೆ ಎಂದುಕೊಂಡ. ಅವಳು ನಕ್ಕುಬಿಟ್ಟಳು, ಹೊಟ್ಟೆ ಹಿಡಿದುಕೊಂಡು, ಕಟಕಟೆ ಅಲ್ಲಾಡುವ ಹಾಗೆ. "ಅದಾ? ಅದನ್ನ ಹೊತ್ಕೊಂಡು ತಿರುಗ್ತಿದೀಯಾ ಆಗಸ್ಟಿಂದ? ಅದಕ್ಕೇ ಅಷ್ಟು ಚಹಾ ಕುಡಿಸಿದ್ಯಾ ನಂಗೆ?"

"ಮತ್ತೆ?"

"ನೀನು ಎದ್ದುಬಿಡ್ತೀಯ ಅಂತ ಮದುವೆಯಾದ ವರ್ಷವೇ ಗೊತ್ತಾಗಿತ್ತು ನಂಗೆ. ಅದಕ್ಕೆ ತುದಿಗೆ ಇನ್ನೊಂದು ಸ್ವಲ್ಪ ಇದೆ ಅನ್ನೋವಾಗ, ನಿನ್ನ ಕಣ್ಣಿಗೆ ಕಾಣದ ಹಾಗೆ ಒಂದು ಒಳ್ಳೆ ಕಲ್ಲು ನೋಡಿ ಕೂತ್ಬಿಡ್ತಿದ್ದೆ. ಬೂಟು ಬಿಚ್ಚಿ. ಚಾಕ್ಲೇಟು ತಿಂದು. ಒಂದೊಂದ್ಸಲ ಕಣ್ಣು ಮುಚ್ಚಿ ಮಲಗಿದ್ದೂ ಇದೆ. ಮೇಲೆ ನೀನು ಗಾಳೀಲಿ ಗಡಗಡ ನಡುಗ್ತಾ ಕೂತಿರ್ತಿದ್ದೆ. ಬಂದಾಗ ನಿನ್ನ ಮೂಗು ನೋಡಿ ನಗು ಬರೋದು, ತಡ್ಕೊಳ್ಳೋದೇ ಕಷ್ಟ ಆಗೋದು."

ಮುರ್ಡೋನಿಗೆ ಕಾಲ ಕೆಳಗಿನ ಹಲಗೆ ಸರಿದಂತಾಯಿತು. ಹಾಗಾದರೆ ಆ ನಗು. ಹಾಗಾದರೆ ಅವನ ಆ ದೊಡ್ಡ ಸಹನೆ, ಆಮೇಲೆ ಈ ದೊಡ್ಡ ಪಶ್ಚಾತ್ತಾಪ, ಎರಡಕ್ಕೂ ಬುಡವಿಲ್ಲ. ಎಷ್ಟು ಮಳೆಯಲ್ಲಿ, ಎಷ್ಟು ಹಿಮಗಾಳಿಯಲ್ಲಿ ಅವನು ಕಲ್ಲುಗುಪ್ಪೆಯ ಮರೆಗೆ ಮುದುರಿಕೊಂಡು ಕೂತಿದ್ದನೋ, ಇವಳು ಕೆಳಗೆ ಬೂಟು ಬಿಚ್ಚಿ ಚಾಕ್ಲೇಟು ತಿನ್ನುತ್ತಿದ್ದಳು. ಸಿಟ್ಟು ಬರಬೇಕಿತ್ತು. ಮೊದಲು ಬಂದದ್ದು ಅವಮಾನ, ಆಮೇಲೆ ಒಂಥರಾ ಹಗುರ. ಹಗುರವಾದದ್ದೇ ತಡ, ಭಾನುವಾರದ ಮಾತು ಮತ್ತೆ ಹಾಗೇ ಎದುರಿಗೆ ನಿಂತಿತು, ಈಗ ಅದಕ್ಕೆ ಕಾರಣವೂ ಇಲ್ಲ. "ಮತ್ತೆ ಯಾಕೆ ನನ್ನ ಜೊತೆ ಆಗಲ್ಲ?" ಎಂದ. ದನಿ ತನ್ನದೇ ಎಂದು ಅನ್ನಿಸದಷ್ಟು ಎಳೆಯದಾಗಿತ್ತು.

ಅವಳ ನಗು ನಿಂತಿತು. ತೋಳು ನೀವಿಕೊಂಡಳು. "ಆಗ ನಡೀತಿದ್ದೆ ನೀನು. ಈಗ ನಡೆಯಲ್ಲ ಮುರ್ಡೋ, ಕಾವಲು ಕಾಯ್ತೀಯ. ಆಸ್ಪತ್ರೆಯಿಂದ ಬಂದಾಗಿನಿಂದ ಸ್ನಾನದ ಮನೆ ಬಾಗಿಲಲ್ಲಿ ನಿಂತಿರ್ತೀಯ. ಮೆಟ್ಟಿಲು ಇಳಿದ್ರೆ ಕೆಳಗೆ ಕೈ ಚಾಚ್ಕೊಂಡು. ರಾತ್ರಿ ಹೊರಳಿದ್ರೆ ದೀಪ ಹಾಕ್ತೀಯ. ನನ್ನ ಪಾಡಿಗೆ ನಾನು ಅಂತ ಒಂದು ಗಳಿಗೆ ಇಲ್ಲ ನಂಗೆ. ಅಷ್ಟು ವರ್ಷ ನೀನು ಮುಂದೆ ಹೋಗ್ಬಿಡ್ತಿದ್ದೆ ನೋಡು, ಅದೇ ಚೆನ್ನಾಗಿತ್ತು. ನೀನಿದೀಯ, ಆದ್ರೆ ಕಾಣಲ್ಲ. ಅದು ಬೇಕು ನಂಗೆ."

"ಬಿದ್ರೆ?"

"ಬಿದ್ರೆ ಬೀಳ್ತೀನಿ. ಕೂಗ್ತೀನಿ. ನಂಗೆ ಬಾಯಿಲ್ವಾ?" ಅವಳು ಕೈ ಚಾಚಿದಳು. "ಕೊಡಿಲ್ಲಿ ಆ ಅಂಗಿ."

"ಅದು ಕೊನೆಯವರು..."

"ಗೊತ್ತು. ಕೊಡು."

ಜಿಪ್ಪು ಈಗ ಸಲೀಸಾಗಿ ಬಿಟ್ಟಿತು. ಅವಳು ಊರುಗೋಲನ್ನು ಅವನ ಕೈಗೆ ಕೊಟ್ಟು, ಕೋಟಿನ ಮೇಲೆ ಹಳದಿ ಅಂಗಿ ಏರಿಸಿಕೊಂಡಳು, ತೋಳು ಉದ್ದವಾಗಿತ್ತು, ಮಡಿಸಿಕೊಂಡಳು. ಗೋಲು ವಾಪಸು ತೆಗೆದುಕೊಂಡಳು. "ಹೋಗು. ನಾನು ಕಾಣದಷ್ಟು ದೂರ ಹೋಗು. ತಿರುಗಿ ನೋಡಿದ್ಯೋ, ಇಲ್ಲೇ ಕೂತ್ಬಿಡ್ತೀನಿ, ವಾರಿ ಬಂದು ಹೊತ್ಕೊಂಡು ಹೋಗ್ಲಿ." ಅವನು ಹೊರಟ. ಮೊದಮೊದಲು ಕಾಲು ಏಳಲಿಲ್ಲ. ಈ ದಾರಿಯಲ್ಲಿ ಕೆಟ್ಟದ್ದು ಇರುವುದೇ ಸೇತುವೆಯ ಆಚೆ, ಇಳಿಜಾರಿನಲ್ಲಿ, ಒದ್ದೆ ಎಲೆಯ ಕೆಳಗೆ ಸಡಿಲ ಕಲ್ಲು. ಅದನ್ನು ಹೇಳಿ ಹೋಗಲೇ ಎಂದು ತಿರುಗಬೇಕೆನಿಸಿತು, ಕತ್ತನ್ನು ಬಿಗಿ ಹಿಡಿದುಕೊಂಡು ನಡೆದ. ಮೊದಲ ತಿರುವು. ಎರಡನೆಯದು. ಅಲ್ಲಿಗೆ ಮರಗಳು ಸರಿದು ಕೆಳಗೆ ಲೋಖ್ ಕಂಡಿತು, ಮಂಜು ಎದ್ದುಹೋಗಿ ಎದುರಿನ ಬೆಟ್ಟ ನೀರಿನಲ್ಲಿ ತಲೆಕೆಳಗಾಗಿತ್ತು. ದಾರಿಯ ಪಕ್ಕ ಉರುಳಿಬಿದ್ದ ಲಾರ್ಚ್ ಮರದ ಕಾಂಡ. ಅದರ ಮೇಲೆ ಕೂತ.

ಕಾಯುವುದು ತನಗೆ ಗೊತ್ತು ಎಂದುಕೊಂಡಿದ್ದ. ಎಲ್ಲಿ ಗೊತ್ತಿತ್ತು! ಆಗ ಅವಳು ಬಂದೇ ಬರುತ್ತಾಳೆ ಎಂದು ಗೊತ್ತಿತ್ತು, ಹಾಗೆ ಗೊತ್ತಿರುವವನು ಕಾಯುವುದಿಲ್ಲ, ಚಹಾ ಕುಡಿಯುತ್ತಾನೆ. ಈಗ ಕಣ್ಣೆಲ್ಲ ತಿರುವಿನ ಮೇಲೆ. ಬಂದಳೇ? ಇಲ್ಲ. ಸದ್ದು? ಇಲ್ಲ. ಸೇತುವೆ ಬಿಟ್ಟಿರಬೇಕು ಇಷ್ಟು ಹೊತ್ತಿಗೆ. ಒದ್ದೆ ಎಲೆ. ಆಸ್ಪತ್ರೆಯ ಆ ಬೆಳಿಗ್ಗೆ ಅವಳನ್ನು ಗಾಲಿಮಂಚದ ಮೇಲೆ ಕರೆದೊಯ್ದಾಗ, ಬಾಗಿಲು ತೂಗಿ ತೂಗಿ ನಿಂತದ್ದು ಕಣ್ಣಿಗೆ ಬಂತು. ಅವಳು ಹೋಗುವಾಗ ಕೈಬೀಸಿ, "ಹೋಗಿ ತಿಂಡಿ ತಿನ್ನು," ಎಂದಿದ್ದಳು. ಕಾರಿಡಾರಿನಲ್ಲಿ ಅವನಿಗೆ ಕೂರಲೂ ಆಗಿರಲಿಲ್ಲ, ನಿಲ್ಲಲೂ ಆಗಿರಲಿಲ್ಲ. ಅವಳಿಗೆ ಮಾತ್ರ ಒಂದಿಷ್ಟೂ ಹೆದರಿಕೆಯಿಲ್ಲ, ಮೊದಲಿಂದಲೂ ಗಟ್ಟಿಗಿತ್ತಿ, ಹೆದರುವ ಕೆಲಸವೆಲ್ಲ ತನ್ನದೇ ಎಂದುಕೊಂಡಿದ್ದ. ಅಂದು ಶುರುವಾದ ಆ ನಿಲ್ಲಲಾಗದ ಕೂರಲಾಗದ ಸಂಕಟವೇ ಅವನನ್ನು ಸ್ನಾನದ ಮನೆಯ ಬಾಗಿಲಿಗೆ, ಮೆಟ್ಟಿಲ ಬುಡಕ್ಕೆ ಅಟ್ಟುತ್ತಿತ್ತು. ಈಗಲೂ ಅಟ್ಟಿತು. ಅರ್ಧ ಎದ್ದ. ಹೋಗಿ ಮರದ ಮರೆಯಿಂದ ನೋಡಿ ಬರಲೇ, ಅವಳಿಗೆ ಗೊತ್ತಾಗುವುದಿಲ್ಲ. ಗೊತ್ತಾದರೆ ಮುಗಿಯಿತು. ಕಾಂಡದ ತೊಗಟೆಯನ್ನು ಎರಡೂ ಕೈಯಲ್ಲಿ ಹಿಡಿದು ಮತ್ತೆ ಕೂತ. ಬೆರಳಿಗೆ ಅಂಟು ಮೆತ್ತಿತು.

ಆಗ ಅವಳ ದನಿ ಕೇಳಿಸಿತು. ಮೇಲಿನ ತಿರುವಿನಿಂದ, ಮರಗಳ ಆಚೆಯಿಂದ. ಯಾರೋ ಸಿಕ್ಕಿದ್ದಾರೆ ಇವಳಿಗೆ, ನೆಮ್ಮದಿಯಾಯಿತು, ಯಾರೋ ಜೊತೆಗಿದ್ದಾರೆ. ಮರುಕ್ಷಣ ಹೊಟ್ಟೆಕಿಚ್ಚಾಯಿತು. ಎಷ್ಟು ಸಲಿಗೆ ಆ ದನಿಯಲ್ಲಿ! ಹುಡುಗಿಯ ಹಾಗೆ, ಅವಸರವಿಲ್ಲದೆ, ನಡುವೆ ನಕ್ಕು. ತನ್ನ ಹತ್ತಿರ ಈ ದನಿಯಲ್ಲಿ ಮಾತಾಡಿ ಎಷ್ಟು ಕಾಲವಾಯಿತು. ಯಾರವನು? ಎರಡನೆಯ ದನಿಗಾಗಿ ಕಿವಿಗೊಟ್ಟ. ಎರಡನೆಯ ದನಿ ಇರಲಿಲ್ಲ.

"...ನೋಡಿಲ್ಲಿ ಮುರ್ಡೋ, ಬರ್ಚ್ ಬುಡದಲ್ಲಿ ಎಷ್ಟೊಂದು ಹಳದಿ ಅಣಬೆ. ನೀನಾಗಿದ್ರೆ ತುಳ್ಕೊಂಡೇ ಹೋಗಿರ್ತಿದ್ದೆ. ಹೋಗಿದೀಯ ಕೂಡ, ಇಗೋ, ನಿನ್ನ ಬೂಟಿನ ಗುರುತು. ಕುರುಡ." ಗೋಲು ಕಲ್ಲಿಗೆ ತಗಲಿದ ಸದ್ದು. "ನಿಧಾನ, ನಿಧಾನ. ಹ್ಞಾಂ. ಕಾಲೇನೂ ಪರವಾಗಿಲ್ಲ ಕಣೋ. ನಿಂಗೆ ಹೇಳ್ಲಿಲ್ಲ ನಾನು, ಅವತ್ತು ಆಸ್ಪತ್ರೇಲಿ ಜೀವವೇ ಹಾರಿಹೋಗಿತ್ತು ನಂಗೆ. ಮತ್ತೆ ಎದ್ದು ಬರ್ತೀನೋ ಇಲ್ವೋ ಅಂತ. ನೀನು ಬೇರೆ ಹಾಗೆ ಮುಖ ಮಾಡ್ಕೊಂಡು ನಿಂತಿದ್ದೆ, ನಿನ್ನ ಮುಂದೆ ಅಳೋಕಾಗುತ್ತಾ? ತಿಂಡಿ ತಿನ್ನು ಅಂದೆ. ಇನ್ನೇನು ಅನ್ಲಿ..."

ಮುರ್ಡೋ ಉಸಿರು ಬಿಗಿಹಿಡಿದ. ತನ್ನ ಮೂಗಿನ ಸದ್ದಿಗೆ ಎಲ್ಲಿ ಅದು ನಿಂತುಹೋಗುತ್ತದೋ ಎಂದು. ಅವಳು ಮಾತಾಡುತ್ತಿದ್ದದ್ದು ಎದುರಿಗಿಲ್ಲದ ಮುರ್ಡೋನೊಡನೆ. ಇವತ್ತು ಶುರುವಾದದ್ದಲ್ಲ, ಇದು ರೂಢಿಯಾದ ನಾಲಿಗೆ, ಕೇಳಿದರೇ ಗೊತ್ತಾಗುತ್ತದೆ. ಅಷ್ಟು ವರ್ಷ, ಅಷ್ಟು ಬೆಟ್ಟ, ಅವನ ಬೆನ್ನು ಮರೆಯಾದದ್ದೇ ತಡ, ಅವಳು ಅವನೊಡನೆ ಮಾತಿಗೆ ಶುರುವಿಡುತ್ತಿದ್ದಳು. ಹೂವು ಕಂಡದ್ದು, ಕಾಲು ನೊಂದದ್ದು, ಹೆದರಿದ್ದು, ಎಲ್ಲ ಹೇಳಿ ಮುಗಿಸಿ, ಹಗುರವಾಗಿ ತುದಿಗೆ ಬರುತ್ತಿದ್ದಳು. ಅಲ್ಲಿ ಅವನು ಇರುತ್ತಿದ್ದ, ಏನೂ ಗೊತ್ತಿಲ್ಲದವನು. ಅವನ ಕಣ್ಣು ತುಂಬಿತು. ಹೆದರಿದ್ದಳು. ತನ್ನ ಹಾಗೇ ಹೆದರಿದ್ದಳು, ಒಂದೇ ಬಾಗಿಲಿನ ಆ ಕಡೆಗೆ ಅವಳು, ಈ ಕಡೆಗೆ ತಾನು.

ತಿರುವಿನಲ್ಲಿ ಹಳದಿ ಕಂಡಿತು. ಅವಳು ಅವನನ್ನು ಕಂಡಳು, ಮಾತು ನಿಂತಿತು. ಗೋಲೂರಿಕೊಂಡು ಬಂದು, ಮುಖ ನೋಡಿ, "ಏನು?" ಎಂದಳು.

"ಏನಿಲ್ಲ. ಸೂಜಿ ಎಲೆ ಕಣ್ಣಿಗೆ ಬಿತ್ತು."

ಅವಳು ಅವನ ಪಕ್ಕ ಕಾಂಡದ ಮೇಲೆ ಮೆಲ್ಲಗೆ ಇಳಿದು ಕೂತಳು, ಎಡಗಾಲನ್ನು ಓರೆಯಾಗಿ ಚಾಚಿ. ಅವನು ಕೈ ಕೊಡಲಿಲ್ಲ. ಇಬ್ಬರೂ ನೀರು ನೋಡಿದರು. ಜಿಂಕೆಯ ಕೂಗು ಆಚೆ ದಡದಿಂದ ಒಮ್ಮೆ ಬಂದು ನಿಂತಿತು.

"ಅಲ್ಲಿ ಮೇಲೆ ಅಣಬೆ ಇತ್ತು," ಎಂದಳು.

"ಹೌದಾ? ಎಲ್ಲಿ?"

ಅವಳು ಅವನ ಕಡೆ ತಿರುಗಿದಳು. ಅವನು ಕೇಳಿದ್ದು ಅವಳಿಗೆ ಹೊಸದು. ಇಷ್ಟು ವರ್ಷ ಇಂಥದ್ದಕ್ಕೆ ಅವನ ಉತ್ತರ ಹ್ಞೂಂ ಎಂಬುದೊಂದೇ. "ಬರ್ಚ್ ಬುಡದಲ್ಲಿ. ಹಳದಿದು. ನೀನು ತುಳ್ಕೊಂಡು ಬಂದಿದೀಯ."

"ಛೆ. ತುಂಬಾ ಇತ್ತಾ?"

"ತುಂಬಾ."

ಕೆಳಗಿನಿಂದ ವಾರಿಯ ಸೀಟಿ ಕೇಳಿಸಿತು, ಹಳದಿ ಅಂಗಿ ಎಲ್ಲಿ ಎಂದು. ಅದರ ಹಿಂದೆಯೇ ಡೂಗಿ ಏನೋ ಕೂಗಿದ, ಯಾರೋ ನಕ್ಕರು. ಇಷ್ಬೆಲ್ ತೋಳೆತ್ತಿ ಮರಗಳ ಸಂದಿನಿಂದ ಬೀಸಿ ತೋರಿಸಿದಳು, ಇಳಿಸಿದಳು, ಮಡಿಸಿದ ತೋಳು ಬಿಚ್ಚಿಕೊಂಡು ಅವಳ ಬೆರಳುಗಳನ್ನು ಮುಚ್ಚಿತು. ಅದನ್ನು ಮತ್ತೆ ಮಡಿಸುತ್ತ, ಅವನ ಕಡೆ ನೋಡದೆ, "ಮುರ್ಡೋ, ನಿಂಗೊಂದು ವಿಷ್ಯ ಹೇಳಿರಲಿಲ್ಲ," ಎಂದಳು.

"ಹೇಳು," ಎಂದ.